ಶುಕ್ರವಾರ ಕೊಟ್ಟ ರಾಗಿ

ಬುಧವಾರ ಪರಿಶೀಲನಾ ಸಮಿತಿಯ ಮುಂದೆ ನಿಲ್ಲಬೇಕಿತ್ತು. ಭಾನುವಾರ ಬೆಳಿಗ್ಗೆ ಸುಗುಣಾ ಹೊಸೂರಿನ ಮೂಕಂಡಪಲ್ಲಿಯ ತನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಡೆಂಕಣಿಕೋಟೆಯ ಬಸ್ಸು ಹತ್ತಿದಳು. ಕೋಣೆಯಲ್ಲೇ ಇದ್ದರೆ ಲ್ಯಾಪ್‌ಟಾಪ್ ತೆರೆಯುತ್ತಾಳೆ, ತೆರೆದರೆ ಹದಿನಾಲ್ಕನೆಯ ಸ್ಲೈಡಿಗೆ ಹೋಗುತ್ತಾಳೆ, ಅಲ್ಲಿಗೆ ಹೋದರೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಅಲ್ಲೇ ಕೂತುಬಿಡುತ್ತಾಳೆ. ನಾಲ್ಕು ದಿನಗಳಿಂದ ಇದೇ ಆಗಿತ್ತು.

ಹದಿನಾಲ್ಕನೆಯ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಸಂಖ್ಯೆ ಇತ್ತು. ಐವತ್ತೊಂದು. ಡೆಂಕಣಿಕೋಟೆ ಸುತ್ತಿನ ಏಳು ಹಳ್ಳಿಗಳ ನಲವತ್ತಾರು ಮನೆಗಳಿಂದ ಅವಳು ತಂದ ಬಿತ್ತನೆ ರಾಗಿಯಲ್ಲಿ ನೂರಕ್ಕೆ ಐವತ್ತೊಂದು ಕಾಳು ಮಾತ್ರ ಮೊಳೆತಿದ್ದವು. ಎಪ್ಪತ್ತೈದು ಮೊಳೆತರೆ ಬಿತ್ತನೆಗೆ ಯೋಗ್ಯ. ಹದಿನೈದನೆಯ ಸ್ಲೈಡಿನಲ್ಲಿ ತೀರ್ಮಾನ ಬರೆದಿತ್ತು: ಈ ಭಾಗದ ಹೆಂಗಸರು ಮನೆಯಲ್ಲಿ ಕಾಪಿಡುವ ಬೀಜ ಕಳಪೆ, ಅದರ ಬದಲಿಗೆ ಹೊರಗಿನ ಬೀಜ ಒದಗಿಸಬೇಕು. ಅವಳ ಗೈಡ್ ನಾರಾಯಣಸ್ವಾಮಿಯವರಿಗೆ ಈ ಸ್ಲೈಡು ಬಹಳ ಹಿಡಿಸಿತ್ತು. "ಇಷ್ಟು ಕ್ಲಿಯರ್ ರಿಸಲ್ಟ್ ಎರಡೇ ವರ್ಷಕ್ಕೆ ಯಾರಿಗೂ ಬಂದಿಲ್ಲಮ್ಮ" ಎಂದಿದ್ದರು. ಸಮಿತಿ ಒಪ್ಪಿದರೆ ಇನ್ನು ಮೂರು ವರ್ಷ ಫೆಲೋಶಿಪ್ ಮುಂದುವರಿಯುತ್ತದೆ. ಒಪ್ಪದಿದ್ದರೆ ಏನೆಂಬುದನ್ನು ಸುಗುಣಾ ಯೋಚಿಸಿರಲಿಲ್ಲ. ಊರ ಕಾಲೊನಿಯಲ್ಲಿ ಹನ್ನೆರಡನೆಯ ತರಗತಿ ದಾಟಿದ ಮೊದಲ ಹೆಣ್ಣು ಅವಳು. ಒಪ್ಪದಿದ್ದರೆ ಏನು ಮಾಡಬೇಕೆಂದು ಕೇಳಲು ಅವಳಿಗಿಂತ ಮುಂಚೆ ಹೋದವರು ಯಾರೂ ಇರಲಿಲ್ಲ.

ಅವಳು ಆಯ್ಕೆಯಾದ ದಿನ ಸಮಿತಿಯ ಅಧ್ಯಕ್ಷ ವೆಂಕಟಸ್ವಾಮಿಯವರು ಹೇಳಿದ ಮಾತೊಂದನ್ನು ಅವಳು ಗುರುತಿನ ಚೀಟಿಯಂತೆ ಜೋಪಾನ ಮಾಡಿಕೊಂಡಿದ್ದಳು. "ಆ ಊರಿನವಳೇ ಅಂದಮೇಲೆ ಒಳಗಿನ ವಿಷಯ ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ?" ಕ್ಯಾಂಟೀನಿನಲ್ಲಿ ಇಂಗ್ಲಿಷ್ ಮಾತಿನ ನಡುವೆ ಬಾಯಿ ಕಟ್ಟಿದಾಗ, ಜೊತೆಯ ಸಂಶೋಧಕಿಯೊಬ್ಬಳು "ನಿಂಗೇನಮ್ಮ, ಕೋಟಾನೂ ಇದೆ, ಊರೂ ಇದೆ" ಎಂದು ನಕ್ಕಾಗ, ಅವಳು ಆ ಮಾತನ್ನು ನೆನೆಸಿಕೊಳ್ಳುತ್ತಿದ್ದಳು. ನಾನಿಲ್ಲಿ ಇರುವುದಕ್ಕೆ ಒಂದು ಕಾರಣವಿದೆ. ನಾನು ಆ ಊರಿನವಳು.

ಮನೆ ಮುಟ್ಟಿದಾಗ ಅವಳ ತಾಯಿ ರಾಮಲಕ್ಷ್ಮಮ್ಮ ಅಂಗಳದಲ್ಲಿ ಕೂತು ರಾಗಿ ತೊಳೆಯುತ್ತಿದ್ದಳು. ತೊಳೆದದ್ದನ್ನು ಹಳೆಯ ಸೀರೆಯ ಮೇಲೆ ಹರಡಿದ್ದಳು. ಸುಗುಣಾ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡಳು. ಒಂದು ಚೂರು ಬೂದಿಯಿಲ್ಲ, ಹೊಟ್ಟಿಲ್ಲ, ಕೆಂಪಗೆ ಹೊಳೆಯುವ ಕಾಳು. ಇದನ್ನು ಅವಳು ಎಲ್ಲೋ ನೋಡಿದ್ದಳು. ಪ್ರಯೋಗಾಲಯದ ಬಿಳಿ ಮೇಜಿನ ಮೇಲೆ ನೋಡಿದ್ದಳು.

"ಬೀಜದ ರಾಗೀನ ಯಾಕಮ್ಮ ತೊಳೀತಿದೀಯ?"

ರಾಮಲಕ್ಷ್ಮಮ್ಮ ನಕ್ಕಳು. "ಓದಿ ಓದಿ ಕಣ್ಣು ಹೋದ್ವೇನೆ ಅಮ್ಮಣ್ಣಿ? ಬೀಜನ ಯಾರಾನಾ ತೊಳೀತಾರಾ? ಇದು ಹಿಟ್ಟಿಗೆ. ನಾಳೆ ಮಿಶಿನ್‌ಗೆ ಹಾಕುಸ್ಬೇಕು."

"ಶಿವರಾತ್ರಿ ಆದ್ಮೇಲೆ ನಂಗೆ ಕೊಟ್ಟಿದ್ದೂ ಹಿಂಗೇ ಇತ್ತು."

"ಹಿಂಗೇ ಏನು, ಇದೇಯ ಕೊಟ್ಟಿದ್ದು."

ಸುಗುಣಾಳ ಕೈ ಹಾಗೆಯೇ ನಿಂತಿತು. "ನಾನ್ ಕೇಳಿದ್ದು ಬೀಜ ಅಲ್ವಾ?"

"ಕೇಳ್ದೆ. ಶುಕ್ರವಾರ ಕೇಳ್ದೆ. ಶುಕ್ರವಾರ ಮನೆ ಬೀಜ ಹೊಸ್ಲು ದಾಟ್ತದಾ? ಅದೂ ಸಗಣಿ ಬಳಿದು ಬಾಯಿ ಮುಚ್ಚಿರೋ ಗುಡಾಣ. ಬಿತ್ತೋ ಹೊತ್ಗೇ ಅದನ್ನ ತೆಗೆಯಾದು."

"ಕೊಡಲ್ಲ ಅನ್ಬೋದಾಗಿತ್ತಲ್ಲ ನೀನು."

"ನೀನು ಜೀಪಲ್ಲಿ ಬಂದಿದ್ದೆ ಕಣೆ." ರಾಮಲಕ್ಷ್ಮಮ್ಮನಿಗೆ ಇದರಲ್ಲಿ ವಿವರಿಸುವಂಥದ್ದೇನೂ ಕಾಣಲಿಲ್ಲ. "ಜತ್ಯಾಗೆ ಪ್ಯಾಂಟ್ನೋರು ಇಬ್ರು, ಕೈಯಾಗೆ ಕಾಗದ. ಅವ್ರ ಮುಂದೆ ಮಗಳಿಗೆ ಇಲ್ಲ ಅನ್ನಕಾಗ್ತದಾ? ಬಂದೋರ್ನ ಬರಿಗೈಲಿ ಕಳಿಸ್ಬಾರ್ದು, ಬೀಜಾನೂ ಕೊಡ್ಬಾರ್ದು. ತಿನ್ನೋ ರಾಗಿ ಕೊಟ್ರೆ ಏನ್ ದೋಸ? ಇರೋದ್ರಾಗೆ ಒಳ್ಳೇದು ನೋಡಿ, ತೊಳೆದು ಒಣಗ್ಸಿದ್ದು ಕೊಟ್ಟೆ."

"ಬೇರೆ ಮನೆಯೋರು?"

"ಎಲ್ರೂ ಹಂಗೇ. ಇಂದ್ರಕ್ಕ ಎರಡು ವರ್ಸದ ಮುಗ್ಗಲು ರಾಗಿ ಕೊಟ್ಟು ಕಳಿಸ್ದೆ ಅಂತ ನಗ್ತಿದ್ಲು. ಯಾಕೆ, ಏನಾಯ್ತು? ಮುದ್ದೆ ಮಾಡ್ಕಂಡು ಉಣ್ಣಲಿಲ್ವಾ ನೀವು?"

ಸುಗುಣಾ ಹಿಡಿಯಲ್ಲಿದ್ದ ಕಾಳನ್ನು ಸೀರೆಯ ಮೇಲೆ ಸುರಿದು, ಅಂಗೈಗೆ ಅಂಟಿದ ಒಂದೆರಡನ್ನು ಬಿಡಿಸುತ್ತ ಕೂತಳು. ನಲವತ್ತಾರು ಮನೆ. ಎಲ್ಲವೂ ಶುಕ್ರವಾರ. ಅವಳು ಹನ್ನೊಂದನೆಯ ವಯಸ್ಸಿಗೆ ಕೃಷ್ಣಗಿರಿಯ ಹಾಸ್ಟೆಲು ಸೇರಿದ್ದಳು. ರಜೆಗೆ ಬಂದಾಗ ತಾಯಿ ಅವಳಿಂದ ಒಂದು ಕೆಲಸವನ್ನೂ ಮಾಡಿಸುತ್ತಿರಲಿಲ್ಲ, ಓದಿಕೋ ಎನ್ನುತ್ತಿದ್ದಳು. ಒಳಕೋಣೆಯ ದೊಡ್ಡ ಮಣ್ಣಿನ ಗುಡಾಣದ ಬಾಯಿ ತೆಗೆಯುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಊರಿನ ಏಳು ವರ್ಷದ ಹುಡುಗಿಗೂ ಗೊತ್ತಿರುವ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

ತಾಯಿ ಕೊಟ್ಟ ಮಾವಿನಹಣ್ಣಿನ ಚೀಲ ಹಿಡಿದು ನಾಲ್ಕು ಗಂಟೆಯ ಬಸ್ಸಿಗೇ ಹೊರಟಳು. ಕತ್ತಲಾದರೆ ಕಾಡಂಚಿನ ರಸ್ತೆಯಲ್ಲಿ ಆನೆ ನಿಂತಿರುತ್ತದೆ ಎಂಬುದು ನೆಪವಾಯಿತು.

*

ಸೋಮವಾರ ಹೊಸೂರಿನ ಕೃಷಿ ಸಂಶೋಧನಾ ಕೇಂದ್ರದ ಗೇಟಿನೊಳಗೆ ಕಾಲಿಡುವಾಗ ಜೀಪಿನ ಡ್ರೈವರ್ ಮುರುಗೇಶ್ ಗಾಜು ಒರೆಸುತ್ತಿದ್ದ. "ಏನ್ ಮೇಡಂ, ಈ ವೆಳ್ಳಿಕ್ಕಿಳಮೆ ಯಾವ ಊರು?" ಎಂದು ಕೇಳಿದ. ಶುಕ್ರವಾರಕ್ಕೆ ಅವನು ಯಾವಾಗಲೂ ತಮಿಳಿನ ಹೆಸರನ್ನೇ ಹೇಳುವುದು. ಸುಗುಣಾಳಿಗೆ ತಡೆಯಲಾಗಲಿಲ್ಲ.

"ಮುರುಗೇಶಣ್ಣ, ನಿಮ್ಮನೇಲಿ ಶುಕ್ರವಾರ ಬೀಜ ಕೊಡ್ತಾರಾ?"

"ಅಯ್ಯೋ, ಯಾರ್ ಕೊಡ್ತಾರೆ? ನಮ್ಮಮ್ಮ ಉಪ್ಪೇ ಕೊಡಲ್ಲ." ಅವನು ಬಟ್ಟೆ ಹಿಂಡಿದ. "ನಾನು ಅವತ್ತೇ ನೋಡ್ದೆ ಮೇಡಂ. ಒಂದು ಮನೇಲೂ ಆ ಅಮ್ಮಂದಿರು ಒಳಕೋಣೆಗೆ ಹೋಗ್ಲಿಲ್ಲ, ಅಡುಗೆಮನೆಗೇ ಹೋದ್ರು."

"ಹೇಳ್ಬಾರ್ದಾಗಿತ್ತಾ?"

"ನೀವು ಆ ಊರೋರು. ನಿಮಗೆ ಗೊತ್ತಿರ್ತದೆ ಅಂದ್ಕೊಂಡೆ." ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಹೆಚ್ಚು ನಾಟಿತು.

ರಮಾದೇವಿಯವರ ಕೋಣೆ ಮೊದಲ ಮಹಡಿಯಲ್ಲಿತ್ತು. ಅವರು ಬೀಜ ಪ್ರಯೋಗಾಲಯದ ಮುಖ್ಯಸ್ಥೆ, ಮುಳಬಾಗಿಲ ಕಡೆಯವರು, ಹೊಸೂರಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ಹೊಸಬರಿಗೆ ಗೈಡ್ ಅಲ್ಲದೆ ಇನ್ನೊಬ್ಬ ಹಿರಿಯರನ್ನು ಆಸರೆಗೆಂದು ಗೊತ್ತುಮಾಡುವ ಏರ್ಪಾಡು ಕೇಂದ್ರದಲ್ಲಿ ಶುರುವಾದಾಗ ಸುಗುಣಾಳ ಹೆಸರನ್ನು ಅವರೇ ಕೇಳಿ ಪಡೆದಿದ್ದರು. ತಿಂಗಳಿಗೊಮ್ಮೆ ಇಬ್ಬರೂ ಒಂದು ಫಾರಂ ತುಂಬಬೇಕಿತ್ತು. ಅದರ ಕೊನೆಯ ಸಾಲು: "ಈ ಸಂಸ್ಥೆ ನನ್ನದು ಎನಿಸುತ್ತದೆ." ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಸುಗುಣಾ ಪ್ರತಿ ತಿಂಗಳೂ ನಾಲ್ಕಕ್ಕೆ ಹಾಕುತ್ತಿದ್ದಳು. ಐದು ಎಂದರೆ ಸುಳ್ಳೆಂದು ಗೊತ್ತಾಗುತ್ತದೆ. ಮೂರು ಎಂದರೆ ಕರೆದು ಕೂರಿಸಿಕೊಂಡು ಏಕೆ ಎಂದು ಕೇಳುತ್ತಾರೆ.

ಅವಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ರಮಾದೇವಿ ಕನ್ನಡಕವನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದರು.

"ಬೂದಿ ಇರಲಿಲ್ಲ," ಎಂದರು ಕೊನೆಗೆ. "ನಾನೇ ನೋಡಿದೆ. ಎಷ್ಟು ಕ್ಲೀನಾಗಿ ಇಟ್ಟಿದ್ದಾರೆ ಅಂತ ಹೊಗಳಿದೆ ಬೇರೆ. ನಮ್ಮಜ್ಜಿ ಬೀಜಕ್ಕೆ ಬೂದಿ ಬೆರೆಸೋದನ್ನ ನೋಡಿ ಬೆಳೆದವಳು ನಾನು." ಕನ್ನಡಕ ಹಾಕಿಕೊಂಡು ಕೇಳಿದರು. "ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ ಮೇಡಂ."

"ಹೇಳ್ಬೇಡ. ಬುಧವಾರ ಮುಗಿದುಹೋಗ್ಲಿ. 'ಪ್ರಾಥಮಿಕ ಫಲಿತಾಂಶ' ಅಂತ ಒಂದು ಮಾತು ಸೇರಿಸು. ಫೆಲೋಶಿಪ್ ಕೈಗೆ ಬರ್ಲಿ, ಆಮೇಲೆ ಮತ್ತೆ ಸ್ಯಾಂಪಲ್ ತಂದು ಸರಿಮಾಡೋಣ."

"ಹದಿನೈದನೇ ಸ್ಲೈಡು ಮೇಡಂ? ಅವತ್ತು ಕೃಷ್ಣಗಿರಿಯಿಂದ ಕೃಷಿ ಇಲಾಖೆಯವರೂ ಬರ್ತಾರಂತೆ. ಅದನ್ನ ಅವರು ಬರ್ಕೊಂಡು ಹೋಗ್ತಾರೆ."

"ಗೊತ್ತು." ರಮಾದೇವಿಯವರ ದನಿ ಕುಗ್ಗಿತು. "ನೋಡು, ಬೇರೆಯವರು ತಪ್ಪು ಮಾಡಿದ್ರೆ ಅದು ಒಂದು ತಪ್ಪು. ಮಾರನೇ ದಿನ ಮರೀತಾರೆ. ನೀನು ಮಾಡಿದ್ರೆ, 'ಇವರನ್ನ ತಗೊಂಡ್ರೆ ಹೀಗೇ' ಅಂತಾರೆ. ನಿನ್ನ ಹಿಂದೆ ಬರೋ ಹುಡುಗಿಗೂ ಅದನ್ನೇ ಅಂತಾರೆ. ಇಪ್ಪತ್ತಾರು ವರ್ಷ ಕೇಳಿದೀನಿ ನಾನು. ನಿಂಗೆ ಅದು ಬೇಡ ಅಂತಷ್ಟೇ."

ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು. ಜೀಪನ್ನೂ ಪ್ರೀತಿಯಿಂದಲೇ ಕೊಡಿಸಿದ್ದರು. ಊರೂರಿಗೆ ಬಸ್ಸಿನಲ್ಲಿ ಹೋಗುತ್ತೇನೆಂದು ಸುಗುಣಾ ಹೇಳಿದಾಗ, "ಬೇಡ, ವಿಜ್ಞಾನಿ ಥರ ಹೋಗು, ಕಾಲೇಜು ಹುಡುಗಿ ಥರ ಅಲ್ಲ" ಎಂದು ಆಡಳಿತದವರೊಂದಿಗೆ ಜಗಳವಾಡಿ ಜೀಪು ಗೊತ್ತುಮಾಡಿದ್ದರು. ಅದು ಖಾಲಿ ಇರುತ್ತಿದ್ದದ್ದು ಶುಕ್ರವಾರ ಮಾತ್ರ.

ಮಂಗಳವಾರ ಸುಗುಣಾ ಸ್ಲೈಡಿನಲ್ಲಿ "ಪ್ರಾಥಮಿಕ" ಎಂದು ಸೇರಿಸಿದಳು. ಓದಿದಳು. ಅಳಿಸಿದಳು. ಮತ್ತೆ ಸೇರಿಸಿದಳು. ಅಕ್ಕಪಕ್ಕದ ಕೋಣೆಗಳಲ್ಲಿ ಮೊದಲ ಶಿಫ್ಟ್ ಮುಗಿಸಿ ಬಂದ ಫ್ಯಾಕ್ಟರಿಯ ಹುಡುಗಿಯರು ತೆಲುಗಿನಲ್ಲೂ ಕನ್ನಡದಲ್ಲೂ ಕೂಗಾಡುತ್ತ ನೀರು ಹಿಡಿಯುತ್ತಿದ್ದರು. ಅವರಲ್ಲಿ ಒಬ್ಬಳಾಗಿಬಿಟ್ಟರೆ, ಅಂದುಕೊಂಡಳು. ಅಂದುಕೊಂಡ ತಕ್ಷಣ ನಾಚಿಕೆಯಾಯಿತು. ಅವರಿಗೇನು ಚಿಂತೆಗಳಿಲ್ಲವೇ?

ಅವಳನ್ನು ಕಾಡುತ್ತಿದ್ದದ್ದು ಸುಳ್ಳು ಹೇಳುವ ಭಯವೊಂದೇ ಆಗಿರಲಿಲ್ಲ. ತಾಯಿ ತೊಳೆದು, ಒಣಗಿಸಿ, ಕಲ್ಲು ಆರಿಸಿ, ಇರುವುದರಲ್ಲಿ ಒಳ್ಳೆಯದನ್ನು ಕೊಟ್ಟಿದ್ದಳು. ಅದರ ಮೇಲೆ ಮಗಳು "ಕಳಪೆ" ಎಂದು ಬರೆದಿದ್ದಳು. ಸತ್ಯ ಹೇಳಿದರೆ "ಆ ಊರಿನವಳು" ಎಂಬ ಆ ಒಂದು ಮಾತೂ ಅವಳ ಕೈತಪ್ಪುತ್ತದೆ. ಆಮೇಲೆ ಅವಳು ಆ ಕಟ್ಟಡದಲ್ಲಿ ಏನೆಂದು ಓಡಾಡುವುದು?

*

ಬುಧವಾರ ಮೇಜಿನ ಸುತ್ತ ಆರು ಜನರಿದ್ದರು. ಅಧ್ಯಕ್ಷರ ಸ್ಥಾನದಲ್ಲಿ ವೆಂಕಟಸ್ವಾಮಿ, ಎಡಕ್ಕೆ ನಾರಾಯಣಸ್ವಾಮಿ, ಕೊನೆಯಲ್ಲಿ ರಮಾದೇವಿ. ಮೊದಲ ಹದಿಮೂರು ಸ್ಲೈಡುಗಳನ್ನು ಸುಗುಣಾ ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ದಾಟಿದಳು. ಹದಿನಾಲ್ಕನೆಯದು ಬಂತು. ಐವತ್ತೊಂದು ಗೋಡೆಯ ಮೇಲೆ ನಿಂತಿತು. ಕೃಷಿ ಇಲಾಖೆಯ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಆ ಮುಚ್ಚಳ ತೆಗೆದ ಸದ್ದಿಗೆ ಅವಳಿಗೆ ಮುಂದಿನ ವಾಕ್ಯ ಮರೆತುಹೋಯಿತು. ಬಾಯಿಗೆ ಬಂದದ್ದು ಕನ್ನಡ.

"ಈ ಸಂಖ್ಯೆ ಸರಿಯಿಲ್ಲ ಸರ್. ಇದು ಬಿತ್ತನೆ ರಾಗಿ ಅಲ್ಲ."

ನಾರಾಯಣಸ್ವಾಮಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಏನಮ್ಮಾ ಹೇಳ್ತಿದೀಯ?"

ಅವಳು ಹೇಳಿದಳು. ಶುಕ್ರವಾರ, ಜೀಪು, ಬಾಯಿ ಮುಚ್ಚಿದ ಗುಡಾಣ, ಹಿಟ್ಟಿಗೆಂದು ತೊಳೆದ ರಾಗಿ. ಹೇಳುತ್ತಿರುವಾಗಲೇ ಅದೆಲ್ಲ ಎಷ್ಟು ಸಣ್ಣದಾಗಿ, ಎಷ್ಟು ಹಾಸ್ಯಾಸ್ಪದವಾಗಿ ಕೇಳಿಸುತ್ತದೆಂದು ಅವಳಿಗೆ ಗೊತ್ತಾಗುತ್ತಿತ್ತು.

"ಶುಕ್ರವಾರಕ್ಕೂ ಮೊಳಕೆಗೂ ಏನಮ್ಮಾ ಸಂಬಂಧ?" ಎಂದರು ವೆಂಕಟಸ್ವಾಮಿ. ಯಾರೋ ನಕ್ಕರು. "ಇನ್ಮೇಲೆ ಪಂಚಾಂಗ ನೋಡ್ಕೊಂಡು ಸ್ಯಾಂಪ್ಲಿಂಗ್ ಮಾಡೋಣ" ಎಂದರು ಇನ್ನೊಬ್ಬರು.

"ಮೊಳಕೆಗೆ ಸಂಬಂಧ ಇಲ್ಲ ಸರ್. ಕೊಡೋರಿಗೆ ಇದೆ."

ನಗು ನಿಂತಿತು. ವೆಂಕಟಸ್ವಾಮಿ ಅವಳನ್ನೇ ನೋಡಿದರು. ಅವಳು ಮೂರು ದಿನಗಳಿಂದ ಹೆದರುತ್ತಿದ್ದ ಪ್ರಶ್ನೆಯನ್ನು ಅವರು ಬೈಯುವಂತೆ ಕೇಳಲಿಲ್ಲ, ನಿಜವಾಗಿ ಅರ್ಥವಾಗದವರಂತೆ ಕೇಳಿದರು.

"ನೀನು ಆ ಊರಿನವಳಲ್ವಾ? ನಿಂಗೇ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ ಸರ್. ಆರನೇ ಕ್ಲಾಸಿಂದ ಹಾಸ್ಟೆಲಲ್ಲಿ ಇದ್ದೆ. ನಂಗೆ ಗೊತ್ತಿದೆ ಅಂತ ನೀವೆಲ್ಲ ಅಂದ್ಕೊಂಡಿದ್ರಿ. ನಾನೂ ಅಂದ್ಕೊಂಡಿದ್ದೆ."

ಸುಗುಣಾ ರಮಾದೇವಿಯವರ ಕಡೆ ನೋಡಲಿಲ್ಲ. ಅವರ ಮಾತು ಮೀರಿದ್ದಳು. ಮೇಜಿನ ಆ ಕೊನೆಯಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಜೀಪು ಶುಕ್ರವಾರಕ್ಕೆ ಹಾಕಿಸಿದ್ದು ನಾನು ಸರ್," ಎಂದರು ರಮಾದೇವಿ. "ಇವಳು ಬಸ್ಸಲ್ಲಿ ಹೋಗ್ತೀನಿ ಅಂದಿದ್ಲು. ಬೀಜದಲ್ಲಿ ಬೂದಿ ಇಲ್ಲದ್ದನ್ನ ನಾನೂ ನೋಡಿ ಸುಮ್ಮನಿದ್ದೆ. ಸೋಮವಾರ ಇವಳು ಬಂದು ಹೇಳಿದಾಗ..." ಅಲ್ಲಿ ನಿಂತರು. ಅವರ ಕಿವಿ ಕೆಂಪಾಗಿದ್ದವು. "ಸೋಮವಾರ ಸುಮ್ಮನಿರು ಅಂತ ಹೇಳಿದ್ದೂ ನಾನೇ. ಅದನ್ನೂ ಬರ್ಕೊಳ್ಳಿ."

ಇಲಾಖೆಯ ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು.

ತೀರ್ಮಾನ ಸಂಜೆ ಬಂತು. ಫೆಲೋಶಿಪ್ ಮುಂದುವರಿಸುವ ನಿರ್ಧಾರವನ್ನು ಅಕ್ಟೋಬರಿಗೆ ಮುಂದೂಡಲಾಗಿದೆ. ಅಷ್ಟರಲ್ಲಿ ಬಿತ್ತನೆ ಬೀಜವನ್ನೇ ತಂದು ಪರೀಕ್ಷೆ ಮಾಡಬೇಕು. ವಾಹನ ಸಿಗುವುದಿಲ್ಲ. ನಾರಾಯಣಸ್ವಾಮಿಯವರು ಹದಿನೈದು ದಿನ ಅವಳೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಕ್ಯಾಂಟೀನಿನಲ್ಲಿ ಅವಳಿಗೆ "ಪಂಚಾಂಗ" ಎಂದು ಹೆಸರು ಬಿತ್ತು. ಆ ತಿಂಗಳ ಫಾರಂ ತುಂಬಲು ಇಬ್ಬರೂ ಮರೆತರು, ಅಥವಾ ಮರೆತಂತೆ ಇದ್ದರು.

*

ಜುಲೈ ಎರಡನೆಯ ವಾರ ಮಳೆ ಬಿತ್ತು. ಊರಿನಿಂದ ಫೋನು ಬಂತು. "ಗುಡಾಣ ತೆಗೀತೀವಿ, ಸೋಮವಾರ ಬಾ." ಹೊಸೂರಿನ ಬಸ್ ನಿಲ್ದಾಣದಲ್ಲಿ ರಮಾದೇವಿ ರಬ್ಬರ್ ಚಪ್ಪಲಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ನಿಂತಿದ್ದರು. ಬರುತ್ತೇನೆಂದು ಮೊದಲೇ ಹೇಳಿರಲಿಲ್ಲ.

ರಾಮಲಕ್ಷ್ಮಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನೀವೇನಾ ತಾಯಿ ಜೀಪ್ ಕಳಿಸ್ತಿದ್ದೋರು?"

"ಹೂಂ. ತಪ್ಪಾಯ್ತು."

"ತಪ್ಪೇನ್ ಬುಡಿ. ಜೀಪ್ ಬತ್ತದೆ ಅಂತ ನಾವೂ ಅವತ್ತು ಒಳ್ಳೆ ಸೀರೆ ಉಟ್ಕಂಡಿದ್ವಿ."

ಒಳಕೋಣೆಯಲ್ಲಿ ಗುಡಾಣದ ಬಾಯಿಯ ಒಣಗಿದ ಸಗಣಿಯನ್ನು ಕುಡುಗೋಲಿನ ಹಿಡಿಯಿಂದ ತಟ್ಟಿ ಒಡೆದರು. ಬೂದಿಯ, ಹೊಂಗೆ ಎಲೆಯ ವಾಸನೆ ಎದ್ದಿತು. ಸುಗುಣಾ ನಂಬರು ಬರೆದ ಕಾಗದದ ಲಕೋಟೆಯನ್ನು ಮುಂದೆ ಹಿಡಿದಳು. ತಾಯಿ ಅದನ್ನು ಪಕ್ಕಕ್ಕೆ ತಳ್ಳಿದಳು.

"ಕಾಗದದಾಗೆ ಹಾಕಲ್ಲ. ಮಡಿಲೊಡ್ಡು."

ಅವಳು ದುಪಟ್ಟಾ ಒಡ್ಡಿದಳು. ಬೂದಿ ಬೆರೆತ ರಾಗಿ ಬಿತ್ತು, ತಣ್ಣಗೆ, ಅವಳು ಎಣಿಸಿದ್ದಕ್ಕಿಂತ ಭಾರವಾಗಿ. ಮೊರ ಕೆಳಗಿಟ್ಟ ರಾಮಲಕ್ಷ್ಮಮ್ಮ, "ಇದು ಹುಟ್ಟದಿದ್ರೆ ಏನ್ ಮಾಡ್ತಾರೆ ನಿನ್ನ?" ಎಂದು ಕೇಳಿದಳು. ದನಿ ಮೆಲ್ಲಗಿತ್ತು. ಇಷ್ಟು ದಿನ ತಾಯಿಗೂ ಇದೇ ಭಯವಿತ್ತೆಂದು ಸುಗುಣಾಳಿಗೆ ಆಗ ತಿಳಿಯಿತು.

"ಹುಟ್ಟದಿದ್ರೆ ಹುಟ್ಲಿಲ್ಲ ಅಂತ ಬರೀತೀನಮ್ಮ."

ಮುಂದಿನ ಎರಡು ವಾರ ಅವಳು ಬಸ್ಸಿನಲ್ಲಿ, ನಡೆದು, ಒಮ್ಮೆ ಟೊಮೇಟೊ ಗಾಡಿಯಲ್ಲಿ ಹೋದಳು. ಮಂಗಳವಾರ, ಶುಕ್ರವಾರ ಬಿಟ್ಟು. ಎಲ್ಲ ಮನೆಗಳೂ ಕೊಡಲಿಲ್ಲ. ನಲವತ್ತಾರರಲ್ಲಿ ಮೂವತ್ತೊಂದು ಕೊಟ್ಟವು. ಪ್ರಯೋಗಾಲಯದ ಬಿಳಿ ಮೇಜು ಬೂದಿಮಯವಾಯಿತು.

ನಾಲ್ಕನೆಯ ದಿನ ಮೊದಲ ಎಣಿಕೆ. ಕಾಳು ಮೊಳೆಯಲೆಂದು ಸುತ್ತಿಟ್ಟ ಒದ್ದೆ ಕಾಗದದ ಸುರುಳಿಗಳನ್ನು ಅವಳು ಒಂದೊಂದಾಗಿ ಬಿಚ್ಚಿದಳು. ತಾಯಿಯ ಗುಡಾಣದ್ದು ನೂರಕ್ಕೆ ಎಪ್ಪತ್ತೆಂಟು. ಒಂದು ಕ್ಷಣ ಕಣ್ಣು ಮಂಜಾಯಿತು. ಮುಂದಿನದು ಇಂದ್ರಕ್ಕನ ಮನೆಯದು, ಮೂವತ್ತೊಂಬತ್ತು. ಅವರ ಒಳಕೋಣೆಯ ಮೂಲೆ ಸೋರುತ್ತಿದ್ದುದನ್ನು ಅವಳು ನೋಡಿದ್ದಳು. ಅದರ ನಂತರ ಎಂಬತ್ತೆರಡು. ಮತ್ತೆ ಐವತ್ತಾರು. ಇನ್ನೂ ಇಪ್ಪತ್ತೇಳು ಸುರುಳಿಗಳಿದ್ದವು, ಕೊನೆಯ ಎಣಿಕೆಗೆ ಇನ್ನೂ ನಾಲ್ಕು ದಿನ, ಅಕ್ಟೋಬರಿಗೆ ಇನ್ನೂ ಎರಡು ತಿಂಗಳು. ಏನಾಗುತ್ತದೆಂದು ಈಗಲೂ ಗೊತ್ತಿರಲಿಲ್ಲ. ಆದರೆ ಮೂವತ್ತೊಂಬತ್ತು ಎಂದು ಬರೆಯುವಾಗ ಅವಳು ಅಳಿಸಲಿಲ್ಲ. ಈ ಸಂಖ್ಯೆ ಯಾವ ಮನೆಯ ಯಾವ ಮೂಲೆಯಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಫಾರಂ ಬಂತು. ಕೊನೆಯ ಸಾಲಿನ ಮುಂದೆ ಅವಳ ಪೆನ್ನು ಅಭ್ಯಾಸದಂತೆ ನಾಲ್ಕರ ಕಡೆ ಹೋಯಿತು. ನಿಂತಿತು. ಮೂರಕ್ಕೆ ಗುರುತು ಹಾಕಿ ಕಳಿಸಿದಳು.

ಕಾಲು ಗಂಟೆಯಲ್ಲಿ ಮೇಲಿನಿಂದ ಫೋನು ಬಂತು.

"ಮೂರು ಯಾಕೆ ಸುಗುಣಾ?" ರಮಾದೇವಿಯವರ ದನಿ. "ಬಾ, ಕೂತು ಮಾತಾಡೋಣ."

"ಬರ್ತೀನಿ ಮೇಡಂ. ಇನ್ನು ಇಪ್ಪತ್ತೇಳು ಎಣಿಸೋದಿದೆ," ಎಂದಳು ಸುಗುಣಾ. "ಇಲ್ಲಾಂದ್ರೆ ನೀವೇ ಕೆಳಗೆ ಬನ್ನಿ. ಎಣಿಸ್ತಾ ಹೇಳ್ತೀನಿ."